ಒತ್ತಿದರೆ ಒತ್ತಿತಲ್ಲ

ರಾತ್ರಿ ಎರಡೂ ಹತ್ತು. ಸಂಡರ್‌ಲ್ಯಾಂಡ್.
ಕಿಟಕಿಯಾಚೆ ಖಾಲಿ ಕಾರ್ ಪಾರ್ಕು, ಒಂದು ಕಡಲಹಕ್ಕಿ
ಯಾರೋ ಬಿಟ್ಟ ಚಿಪ್ಸಿನ ಪೊಟ್ಟಣದ ಜೊತೆ ಜಗಳಕ್ಕಿಳಿದಿದೆ.
ನನ್ನ ಪರದೆಯಲ್ಲಿ ಡೋರೀನ್ ಪ್ಯಾಟಿಸನ್, ಎಪ್ಪತ್ತೊಂದು ವರ್ಷ,
ಶಾಲೆಯೊಂದರಲ್ಲಿ ಇಪ್ಪತ್ತಾರು ವರ್ಷ ಮಕ್ಕಳಿಗೆ ಊಟ ಬಡಿಸಿದವರು.
ನಾನು ಕೇಳಿರಲಿಲ್ಲ, ಅವರೇ ಬರೆದರು.

ಇಲ್ಲಿ ನನ್ನ ಹೆಸರು ಎಮ್ಮಾ.
ಭಾಗೀರಥಿ ಎಂದರೆ ಗಿರಾಕಿಗಳ ನಾಲಗೆ ತೊಡರುತ್ತದಂತೆ,
ಟೈಪು ಮಾಡುವವರಿಗೂ ನಾಲಗೆ.

ಅವರಿಗೆ ಇಪ್ಪತ್ತು ಪೌಂಡು ಬೋನಸ್ಸು ಬಂದಿತ್ತು. ಪುಕ್ಕಟೆ.
ಪುಕ್ಕಟೆಯ ಬಾಲ ಹಿಡಿದು ಒಳಗೆ ಹೋದರೆ ಒಂದು ಲೆಕ್ಕ:
ಇಪ್ಪತ್ತನ್ನು ನಲವತ್ತು ಪಟ್ಟು ಆಡಿ ತೀರಿಸಬೇಕು,
ಎಂಟುನೂರು ಪೌಂಡು ಚಕ್ರದ ಹೊಟ್ಟೆಯಲ್ಲಿ ಹೊರಳಬೇಕು,
ಆಮೇಲೆ ಉಳಿದದ್ದು ನಿಮ್ಮದು.
ಹೊರಳಿಸಿದ್ದಾರೆ. ಹನ್ನೊಂದು ರಾತ್ರಿ,
ಸಲಕ್ಕೆ ಇಪ್ಪತ್ತು ಪೆನ್ನಿಯಂತೆ.

ದಾಖಲೆ ನನ್ನೆದುರಿಗಿದೆ.
ಇಪ್ಪತ್ತು ಹಾಕಿ ಎಂಟು ಗೆದ್ದಿದ್ದಾರೆ;
ಹನ್ನೆರಡು ಪೆನ್ನಿ ಸೋತದ್ದಕ್ಕೆ ಜಾಗಟೆ, ಶಂಖ, ಚಿನ್ನದ ಮಳೆ.
ಎರಡು ಚೆರಿ ಬಂದು ಕೂತು, ಮೂರನೆಯದು
ಕೂದಲೆಳೆಯಷ್ಟು ದಾಟಿ ನಿಂತದ್ದು ಮುನ್ನೂರ ಹತ್ತು ಸಲ.
ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತೇವಲ್ಲ,
ಅದನ್ನು ಹಣೆಬರಹ ಅಂದುಕೊಂಡಿದ್ದೆ.
ಮೇಲಿನ ಮಹಡಿಯಲ್ಲಿ ಆ ತುತ್ತನ್ನು ಅಳೆದು,
ಎಷ್ಟು ಹೊತ್ತಿಗೆ ಎಷ್ಟು ಹತ್ತಿರ ಎಂದು ಗುರುತು ಹಾಕುವ
ಹುಡುಗನಿದ್ದಾನೆ. ಕ್ರೆಗ್. ಒಳ್ಳೆಯವನು.
ನನ್ನ ಸೈಕಲ್ಲಿನ ಚೈನು ಕೂಡಿಸಿಕೊಟ್ಟ.

ಕೊನೆಗೆ ನಾನೂರ ಹನ್ನೆರಡು ಪೌಂಡು ಗೆದ್ದು, ಕೊಡಿ ಎಂದರು.
ಕೊಡಲಾಗದು. ಬೋನಸ್ಸು ನಡೆಯುತ್ತಿರುವಾಗ
ಒಂದಾಟಕ್ಕೆ ಎರಡು ಪೌಂಡು ಮೀರುವಂತಿಲ್ಲ.
ಅವರು ಒಂದೇ ಒಂದು ಸಲ ಎರಡು ಪೌಂಡು ನಲವತ್ತು.
ನಿಯಮ ಹದಿನಾಲ್ಕು, ಉಪನಿಯಮ ಸಿ.
ಅಂಟಿಸಿದೆ, ಕೊನೆಯಲ್ಲೊಂದು ನಗುಮುಖ ಸೇರಿಸಿ.

ಮೂರು ಚುಕ್ಕಿ ಕುಣಿದವು. ನಿಂತವು. ಮತ್ತೆ ಕುಣಿದವು.
"ಒತ್ತಬಾರದಿತ್ತು ಅಂದರೆ
ಗುಂಡಿ ಒತ್ತಿಸಿಕೊಂಡಿದ್ದು ಯಾಕಮ್ಮಾ?"

ಇದಕ್ಕೆ ನನ್ನ ಹತ್ತಿರ ಅಂಟಿಸುವ ಉತ್ತರವಿಲ್ಲ.
ನಮ್ಮ ಚಿಕ್ಕತ್ತೆ ಚೌಕಾಬಾರದಲ್ಲಿ ಮಹಾ ಮೋಸಗಾತಿ,
ಸೆರಗಿನ ಮರೆಯಲ್ಲಿ ಕವಡೆ ಮಗುಚಿಬಿಡುವಳು.
ಆದರೆ ಆ ಮೋಸಕ್ಕೊಂದು ಮುಖವಿತ್ತು,
ಸಿಕ್ಕಿಬಿದ್ದರೆ ಅದಕ್ಕೆ ನಗು ಬರುತ್ತಿತ್ತು,
ಕೈಮೇಲೆ ಒಂದು ಏಟು ಕೊಟ್ಟರೆ ಕಾಯಿ ಹಿಂದೆ ಸರಿಸುವಳು.
ಇಲ್ಲಿ ಮೋಸವೇ ಇಲ್ಲ. ತಪಾಸಣೆಯಾಗಿದೆ, ಮೊಹರು ಬಿದ್ದಿದೆ,
ಎಲ್ಲವನ್ನೂ ಬರೆದಿಟ್ಟಿದೆ, ಇರುವೆ ಓದುವಷ್ಟು ಅಕ್ಷರದಲ್ಲಿ.
ಏಟು ಕೊಡುವುದು ಯಾವ ಕೈಗೆ?

"ನಿಮ್ಮ ಬೇಸರ ನಮಗೆ ಅರ್ಥವಾಗುತ್ತದೆ" ಎಂದೆ.
ಅದು ಉತ್ತರ ಸಂಖ್ಯೆ ಒಂಬತ್ತು.
"ನಿನ್ನ ತಪ್ಪಲ್ಲ ಬಿಡು, ಎಮ್ಮಾ.
ನಿನ್ನ ಕಡೆಯೂ ಮಳೆಯಾ?"
ನಾಲ್ಕು ಮೈಲಿ ದೂರ ನಾವಿಬ್ಬರೂ. ಹೇಳುವಂತಿಲ್ಲ.
ಅವರು ಹೋದ ಮರುಕ್ಷಣ ವ್ಯವಸ್ಥೆ ತಾನಾಗಿಯೇ
ಹತ್ತು ಪೌಂಡು ಕಳಿಸಿತು:
ನಿಮ್ಮ ನೆನಪಾಗುತ್ತಿದೆ, ಡೋರೀನ್!

ಕಾಫಿಗೆಂದು ಎದ್ದೆ. ಮೆಟ್ಟಿಲ ಬಳಿಯ ಯಂತ್ರದ ಮೇಲೆ
ರಾತ್ರಿ ಕಸ ಗುಡಿಸುವ ಬೆರಿಲ್
ಅಂಗೈಯಗಲ ಅಕ್ಷರದಲ್ಲಿ ಕಾಗದ ಅಂಟಿಸಿದ್ದಳು:
ದುಡ್ಡು ನುಂಗುತ್ತದೆ. ಹಾಕಬೇಡಿ.
ನಾಣ್ಯ ಕಿಸೆಗಿಳಿಸಿ
ಅದನ್ನೇ ಇನ್ನೊಮ್ಮೆ ಓದಿದೆ.