ಹನ್ನೊಂದು ಕುಪ್ಯ

ಮೈಸೂರಿನ ಮಿಷನ್ನಿನಲ್ಲಿ ಅದು ಬೆಳಗಿತಂತೆ,
ಎಡಗಡೆ, ಕಂಕುಳ ಕೆಳಗೆ, ಹಳೇ ಗಾಯದ ಅಂಚಿಗೆ,
ಕಡಲೆಕಾಳಷ್ಟು.
"ಮರಳಿ ಬಂದಿರಬಹುದು" ಎಂದರು,
ಮುನಿಸಿಕೊಂಡು ಹೋದ ನೆಂಟರ ಸುದ್ದಿ ಹೇಳುವ ಹಾಗೆ.

ತಿತಿಮತಿ ದಾಟುವವರೆಗೆ ಬಸ್ಸಿನಲ್ಲಿ
ಲಕೋಟೆಯನ್ನು ನೆಟ್ಟಗೆ ಹಿಡಿದೇ ಕೂತಿದ್ದೆ.
ಟಿಕೆಟ್ಟಿನ ಚಿಲ್ಲರೆ ಕೇಳಲು ಮರೆತೆ.

ಸೂಜಿ ಚುಚ್ಚಿ ತೆಗೆದ ಚೂರು ಬಾಯಿಬಿಡಲು
ಹದಿನೆಂಟು ದಿನ.
ಮದುವೆಯ ಕಾಲ. ವಿರಾಜಪೇಟೆಯ ನನ್ನ ಅಂಗಡಿಯಲ್ಲಿ
ಹನ್ನೊಂದು ಕುಪ್ಯದ ಬಟ್ಟೆ, ಅಳತೆ ಚೀಟಿ ಸಮೇತ.
ಒಂದೊಂದೇ ಕಟ್ಟಿ ಮನೆಮನೆಗೆ ಕೊಟ್ಟುಬಂದೆ, ಮುಂಗಡವನ್ನೂ.
"ಕಣ್ಣು ಸರಿಯಿಲ್ಲ" ಎಂದೆ.
ಬೆಳ್ಯಪ್ಪನ ತಾಯಿ, ಕನ್ನಡಕ ಬದಲಿಸು ಎಂದು
ಒಂದು ಬಾಟಲಿ ಜೇನು ಕೊಟ್ಟು ಕಳಿಸಿದಳು.
ರಾತ್ರಿ ಕೂತು ಗುಂಡಿಗಳನ್ನು ಬಣ್ಣದ ಪ್ರಕಾರ ಬೇರೆ ಮಾಡಿದೆ,
ಮುಂದೆ ಹುಡುಕುವವರಿಗೆ ಸುಲಭವಾಗಲೆಂದು.
ಕತ್ತರಿ ತಂಗಿಗೆ. ಹೊಲಿಗೆ ಮಿಷನ್ನು
ಯಾರ ಹೆಸರಿಗೂ ಬರೆಯಲಾಗಲಿಲ್ಲ.

ಹತ್ತೊಂಬತ್ತನೆಯ ದಿನ ಡಾಕ್ಟರು ನಕ್ಕರು.
ನಾನು ನಗಲಿಲ್ಲ.
ನೂಲಂತೆ.
ಮೂರು ವರ್ಷದ ಹಿಂದೆ ಅವರೇ ಒಳಗೆ ಹಾಕಿದ್ದು,
ಕಪ್ಪು ರೇಷ್ಮೆ, ಒಂದೇ ಒಂದು ಗಂಟು.
ಮೈ ಅದನ್ನು ಒಪ್ಪಲೂ ಇಲ್ಲ, ಹೊರಗೆ ಹಾಕಲೂ ಆಗಲಿಲ್ಲ,
ಸುತ್ತ ಗೋಡೆ ಕಟ್ಟುತ್ತಾ ಕೂತಿದೆ.
ಮಿಷನ್ನಿಗೆ ಕಾವು ಕಂಡಿತು, ನೂಲು ಕಾಣಲಿಲ್ಲ.

ನನಗೆ ಗೊತ್ತಿರಬೇಕಿತ್ತು!
ಕತ್ತಿನ ಹತ್ತಿರ ಏನೋ ಚುಚ್ಚುತ್ತದೆ ಎಂದು
ಕುಪ್ಯ ವಾಪಸು ತಂದವರ ಮುಂದೆ ಅಸ್ತರು ಬಿಚ್ಚಿ
ನಾನೇ ಬಿಟ್ಟ ಕಚ್ಚಾ ಹೊಲಿಗೆಯ ತುದಿಯನ್ನು
ಎಷ್ಟು ಸಲ ಹಲ್ಲಿನಿಂದ ಎಳೆದಿಲ್ಲ.
ಮೂವತ್ತು ವರ್ಷ ನೂಲಿನ ಅನ್ನ ಉಂಡವಳು
ಅರ್ಧ ಇಂಚು ನೂಲಿಗೆ ಹದಿನೆಂಟು ರಾತ್ರಿ ಸತ್ತೆ.

ಸಿಟ್ಟು ಬಂತು. ಆಮೇಲೆ ಹಸಿವು.

ಈಗ ಬಟ್ಟೆ ವಾಪಸು ಕೇಳುತ್ತ ತಿರುಗುತ್ತಿದ್ದೇನೆ.
ಏಳು ಸಿಕ್ಕಿವೆ. ಮೂರನ್ನು ಗೋಣಿಕೊಪ್ಪದ ಮೊಯ್ದು ಕತ್ತರಿಸಿಬಿಟ್ಟಿದ್ದಾನೆ,
ತೋಳು ಗಿಡ್ಡವಾದ ಹಾಗಿದೆ, ನಾನೇನೂ ಹೇಳಲಿಲ್ಲ.
ಬೆಳ್ಯಪ್ಪನದು, ಮದುಮಗನ ಬಿಳಿಯದು,
ಅವನ ತಾಯಿ ಮಡಿಕೆ ಕೂಡ ಬಿಚ್ಚದೆ ಇಟ್ಟಿದ್ದಳು.
"ಕಣ್ಣು?"
"ಸರಿಯಾಯ್ತು."

ಆರು ತಿಂಗಳಿಗೆ ಮತ್ತೆ ಹೋಗಬೇಕು, ಮತ್ತೆ ಬೆಳಗುತ್ತದೆ ಅದು.
ತೆಗೆಯುವುದಾ, ಬಿಡುವುದಾ ಎಂದು ಕೇಳಿದರು.
ಇರಲಿ, ಫೈಲಿನ ಮೇಲೆ ದೊಡ್ಡದಾಗಿ "ನೂಲು" ಅಂತ ಬರೆಯಿರಿ ಎಂದೆ,
ಬೇರೆ ಡಾಕ್ಟರು ಬಂದರೂ ಓದಲಿ.

ರಾತ್ರಿ ಮಾತ್ರ ಬೆರಳು ತಾನಾಗಿ ಅಲ್ಲಿಗೆ ಹೋಗುತ್ತದೆ,
ಅಳತೆ ತೆಗೆಯುತ್ತದೆ.
ನಿನ್ನೆಯಷ್ಟೇ ಇದೆ.