ಎಣ್ಣೆಯ ಚಾಡಿ

ಮೊದಲ ಸಲ ಅವರು ಎಣ್ಣೆ ತಂದದ್ದು
ಕೆಮ್ಮಿನ ಔಷಧಿಯ ಬಾಟಲಿಯಲ್ಲಿ.
ತೊಳೆದಿದ್ದರಂತೆ, ಬಿಸಿನೀರಲ್ಲಿ, ಎರಡು ಸಲ.
ನಮ್ಮ ಯಂತ್ರ ನಂಬಲಿಲ್ಲ:
ಸೋಡಿಯಂ ಜಾಸ್ತಿ ಎಂದು ಮುಖ ತಿರುಗಿಸಿತು.

ಪೀಣ್ಯ ಎರಡನೇ ಹಂತ. ಲೇತ್ ಶೆಡ್ಡಿನ ಮೇಲೆ ನಮ್ಮ ಲ್ಯಾಬು.
ಕೆಳಗೆ ದಿನವಿಡೀ ಕಬ್ಬಿಣ ತುರಿಯುವ ಸದ್ದು,
ಮೇಲೆ ನಾನು, ತುರಿದದ್ದನ್ನು ಎಣಿಸುವವಳು:
ಹತ್ತು ಲಕ್ಷ ಪಾಲಿನಲ್ಲಿ ಎಷ್ಟು ಕಬ್ಬಿಣ,
ಎಷ್ಟು ತಾಮ್ರ, ಎಷ್ಟು ಸೀಸ, ಎಷ್ಟು ಮರಳು.

"ರಕ್ತಪರೀಕ್ಷೆ ಇದ್ದಹಾಗೆ ಅಲ್ವಾ ಮೇಡಂ?"
ಅಂದರು ಗಂಗಹನುಮಯ್ಯ. ಎಲ್ಲರೂ ಅನ್ನುತ್ತಾರೆ.
ಅಲ್ಲ. ರಕ್ತ ತನ್ನನ್ನು ತಾನೇ ಹೊಸದು ಮಾಡಿಕೊಳ್ಳುತ್ತದೆ.
ಎಣ್ಣೆ ವಠಾರದ ಕೊನೇ ಮನೆಯಾಕೆ;
ಕತ್ತಲ ಓಣಿಯಲ್ಲೆಲ್ಲ ಓಡಾಡಿ
ಯಾರು ಯಾರನ್ನು ಸವೆಸುತ್ತಿದ್ದಾರೆಂದು ಕಂಡು
ಸೆರಗಲ್ಲಿ ಕಟ್ಟಿಕೊಂಡು ಬರುತ್ತಾಳೆ.
ಗಂಟು ಬಿಚ್ಚುವುದು ನನ್ನ ಕೆಲಸ.

ಎರಡನೇ ಸಲ ನಾವೇ ಕೊಟ್ಟ ಬಾಟಲಿ.
ಇಂಜಿನ್ ಬಿಸಿಯಿದ್ದಾಗಲೇ, ಹರಿವಿನ ನಡುವೆ ಹಿಡಿದದ್ದು.
ಸಿಲಿಕಾನ್ ಅರವತ್ತೆರಡು.
ಜೊತೆಗೆ ಅಲ್ಯೂಮಿನಿಯಂ, ಅದರ ಹಿಂದೆಯೇ ಕಬ್ಬಿಣ,
ಅವರ ಓಮ್ನಿಯಿಂದ ಸ್ಕೂಲಿನ ಮುಂದೆ ಇಳಿಯುವ ಮಕ್ಕಳಂತೆ
ಒಂದರ ಕೈ ಒಂದು ಹಿಡಿದು.
ಅಂದರೆ ಧೂಳು. ಗ್ಯಾಸ್ಕೆಟ್ಟಿಗೆ ಬಳಿದ ಅಂಟಲ್ಲ.
ನಾಗಸಂದ್ರದ ಧೂಳು, ಎಂಟನೇ ಮೈಲಿಯ ಧೂಳು,
ಅಗೆದು ಮುಚ್ಚಿ ಮತ್ತೆ ಅಗೆದ ರಸ್ತೆಯ ಧೂಳು.

"ಏರ್ ಫಿಲ್ಟರ್ ನೋಡ್ಕೊಳ್ತೀರಾ?"
ಕೇಳಿ ಮುಗಿಸುವ ಮೊದಲೇ ಎದೆಯುಬ್ಬಿತು:
ಪ್ರತಿ ಭಾನುವಾರ, ಮೇಡಂ. ತಪ್ಪಿಸಿಲ್ಲ.
ಮೆಟ್ಟಿಲಂಚಿಗೆ ಬಡಿದು,
ಪಂಚರ್ ಅಂಗಡಿಯ ಸೆಲ್ವನ ಹತ್ತಿರ ಗಾಳಿ ಹೊಡೆಸಿ,
ಸೂರ್ಯನಿಗೆ ಹಿಡಿದು ನೋಡ್ತೀನಿ.
ಬೆಳಕು ಕಾಣಿಸ್ಬೇಕು.

ಕೆಳಗಿಳಿದು ನಾನೂ ಹಿಡಿದು ನೋಡಿದೆ.
ಬೆಳಕು ಕಾಣಿಸುತ್ತಿತ್ತು, ಸರಿ.
ಕಾಗದದ ಮಡಿಕೆಯೊಂದರಲ್ಲಿ ಉಗುರಿನಷ್ಟು ಹರುಕು.
ಅಲ್ಲಿಂದ ಸೂರ್ಯ ಬರುತ್ತಿದ್ದ,
ಅದೇ ದಾರಿಯಲ್ಲಿ ತುಮಕೂರು ರಸ್ತೆಯೂ.

ಹೇಗೆ ಹೇಳಲಿ, ಹದಿನಾರು ವರ್ಷದ ಶ್ರದ್ಧೆಯೇ
ಸವೆಸಿದ್ದು ಎಂದು?
ಒಂದು ಮಿತಿಯವರೆಗೆ, ಕೊಳೆಯಾದಷ್ಟೂ
ಚೆನ್ನಾಗಿ ಸೋಸುತ್ತದೆ ಫಿಲ್ಟರು.
ಮೊದಲು ಬಂದ ಧೂಳು ಬಾಗಿಲಲ್ಲೇ ನಿಂತು
ಆಮೇಲೆ ಬಂದ ಧೂಳಿಗೆ ಜಾಗ ಕೊಡುವುದಿಲ್ಲ,
ಮೆಜೆಸ್ಟಿಕ್ ಬಸ್ಸಿನ ಫುಟ್‌ಬೋರ್ಡಿನವರ ಹಾಗೆ.
"ಅಂದ್ರೆ ಕ್ಲೀನ್ ಮಾಡಿದ್ದೇ ತಪ್ಪಾ?"
"ಬಡಿದದ್ದು ತಪ್ಪು."
ಅವರು ತಮ್ಮ ಅಂಗೈ ನೋಡಿಕೊಂಡರು.

ಇನ್ನೂರ ಇಪ್ಪತ್ತು ರೂಪಾಯಿಯ ಹೊಸ ಫಿಲ್ಟರು.
ಮುಟ್ಟಬೇಡಿ ಎಂದು ಚೀಟಿ ಬರೆದುಕೊಟ್ಟೆ.
ಭಾನುವಾರ ಬೆಳಿಗ್ಗೆ ಸೀಟು ಎತ್ತಿ, ಇಂಜಿನ್ ನೋಡುತ್ತ
ಸುಮ್ಮನೆ ನಿಂತಿರುತ್ತಾರಂತೆ,
ಅವರ ಹೆಂಡತಿ ಫೋನಿನಲ್ಲಿ ನಕ್ಕರು.

ಮೂರನೇ ಬಾಟಲಿ, ದೀಪಾವಳಿ ಕಳೆದ ಮೇಲೆ.
ಸಿಲಿಕಾನ್ ಹದಿಮೂರು. ಕಬ್ಬಿಣ ಅರ್ಧಕ್ಕರ್ಧ.
"ಹಾಗಾದ್ರೆ ಇಂಜಿನ್ ಸರಿಹೋಯ್ತು!"

ಇಲ್ಲ. ಸವೆತ ನಿಧಾನವಾಗಿದೆ.
ಸಿಲಿಂಡರಿನ ಗೋಡೆಯಿಂದ ಹೋದದ್ದು
ಹಳೇ ಎಣ್ಣೆಯ ಜೊತೆ ಡಬ್ಬ ಸೇರಿ ಹೋಯಿತು.
ಇದನ್ನು ಹೇಳಲಿಲ್ಲ ನಾನು.
ವರದಿಯಲ್ಲಿ ಅದಕ್ಕೆ ಕಾಲಂ ಇಲ್ಲ.
ಸಹಿ ಹಾಕಿ, ಮುದ್ರೆ ಒತ್ತಿ ಕೊಟ್ಟೆ.

ಕಿಟಕಿಯಿಂದ ಕಂಡಿತು: ಹಳದಿ ಓಮ್ನಿ
ಒಂದೇ ಸಲಕ್ಕೆ ಸ್ಟಾರ್ಟ್. ಸ್ವಲ್ಪ ನೀಲಿ ಹೊಗೆ.

ಸಂಜೆ ನಮ್ಮ ಎಸಿಯ ಜಾಲರಿ ಬಿಚ್ಚಿ
ಬಡಿಯಲೆಂದು ಮೆಟ್ಟಿಲವರೆಗೆ ಹೋದವಳು
ಕೈ ತಡೆದು, ನಲ್ಲಿ ತಿರುಗಿಸಿದೆ.
ಪೀಣ್ಯದಲ್ಲಿ ಅವತ್ತು ನೀರಿರಲಿಲ್ಲ.