ಗಿರಣಿ ಕಿವಿ

ಡೋಣಿಯಿಂದ ಗುಡ್ಡದ ಗಾಳಿಪಂಖದ ತನಕ
ಏರು, ಇಳಕಲು, ಮತ್ತ ಏರು: ಹನ್ನೊಂದು ಕಿಲೋಮೀಟರು.
ಎದಿಮ್ಯಾಲ ಎರಡುನೂರಾ ಆರು ನಂಬರು, ನಾಕು ಪಿನ್ನು,
ಅದರಾಗ ಒಂದು ಚುಚ್ಚತೈತಿ.

ಅಕ್ಕನ ಮಗ ಫಕ್ಕೀರೇಶ ತನ್ನ ಗಡಿಯಾರ ಬಿಚ್ಚಿ ನನ್ನ ಕೈಗೆ ಕಟ್ಯಾನ:
"ಚಿಗವ್ವ, ಕಿಲೋಮೀಟರಿಗೆ ಏಳು ನಿಮಿಷ. ಏಳು ದಾಟಬ್ಯಾಡ."
ಸಪಾಟ ನೆಲದಾಗ ಹುಟ್ಟಿದ ಲೆಕ್ಕ ಅದು,
ಗದಗಿನ ಮೈದಾನ ಸುತ್ತಿ ಸುತ್ತಿ ಬರದದ್ದು.
ಗುಡ್ಡಕ್ಕ ಅದನ್ನ ಯಾರು ಓದಿ ಹೇಳಬೇಕು?

ಮೊದಲನೇ ಏರಿನಾಗ ಮಣಿಕಟ್ಟು ಕೂಗಾಕ ಹತ್ತಿತು:
ಎಂಟೂವರಿ. ಒಂಬತ್ತು. ಕೆಂಪು ದೀಪ.
ತಪ್ಪು ಮಾಡಿದಾಕಿ ಹಂಗ ಓಡಿದೆ,
ಗಂಟಿ ಹೊಡದ ಮ್ಯಾಲ ಸಾಲಿಗೆ ಓಡೂ ಹುಡುಗಿ ಹಂಗ,
ಗಂಟಲದಾಗ ಉಸಿರು
ಗೋಣಿಚೀಲ ಹರದಂಗ.

ಆವಾಗ ಕೇಳಿಸಿತು,
ಕಿವಿಗಲ್ಲ, ಪಕ್ಕಡಿ ಒಳಗ,
ನಮ್ಮ ಗಿರಣಿ.

ಡಂಬಳದಾಗ ಹತ್ತೊಂಬತ್ತು ವರ್ಷ ಹಿಟ್ಟು ಬೀಸೀನಿ.
ಮೋಟರಿಗೆ ಮೀಟರು ಐತಿ, ನಾ ನೋಡೂದಿಲ್ಲ.
ಜ್ವಾಳ ಬಿದ್ರ ಒಂದು ದನಿ, ಕಡ್ಲಿ ಬಿದ್ರ ಇನ್ನೊಂದು;
ಹಸಿ ಗೋದಿ ತಂದು ಒಣಗೈತಿ ಅಂತ ಯಾರರ ಸುಳ್ಳು ಹೇಳಿದ್ರ
ಕಲ್ಲು ಹೇಳಿಬಿಡತೈತಿ.
ದನಿ ದಪ್ಪ ಆತೋ, ಕೈ ತಾನ ಹೋಗಿ
ಕಾಳಿನ ಬಾಯಿ ಹಲಗಿ ಒಂದು ಬೆರಳು ಸರಸತೈತಿ.
ಕಾಳು ಕಡಿಮಿ ಬಿಡು, ಕಲ್ಲು ಅದ ದನಿಯಾಗ ತಿರಗಲಿ.
ಅವಸರ ಮಾಡಿದ್ರ ಹಿಟ್ಟು ಸುಡತೈತಿ,
ಸುಟ್ಟ ಹಿಟ್ಟಿನ ರೊಟ್ಟಿ ತಟ್ಟೂ ಕೈಯಾಗ ಹರೀತೈತಿ,
ಸಂಜೀಕ ಡಬ್ಬಿ ಹೊತ್ಕೊಂಡು ಬಂದು ಬೈತಾರ.

ಕರವಸ್ತ್ರ ತಗದು ಗಡಿಯಾರಕ್ಕ ಸುತ್ತಿದೆ,
ಅಳೂ ಕೂಸಿಗೆ ಕುಂಚಿಗಿ ಕಟ್ಟಿದಂಗ.

ಹೆಜ್ಜಿ ಗಿಡ್ಡ ಮಾಡಿದೆ. ಹಲಗಿ ಒಂದು ಬೆರಳು.
ಕೆಮ್ಮಣ್ಣು, ಸಣ್ಣ ಹರಳು, ಬಾದಿ ಹುಲ್ಲಿನ ವಾಸನಿ.
ನೀಲಿ ಅಂಗಿ ಹುಡುಗ ದಾಟಿ ಹೋದ,
ಕಾಲೇಜಿನವರು ಇಬ್ಬರು, ಒಬ್ಬ ಪೊಲೀಸಪ್ಪ,
ಆಮ್ಯಾಲ ಕೋಲು ಹಿಡದ ಒಬ್ಬ ಮುತ್ತ್ಯಾನೂ.
ಅವ ಓಟದಾಗ ಇರಲೇ ಇಲ್ಲ, ಆಡು ಹುಡುಕ್ಕೊಂತ ಹೊಂಟಿದ್ದ.
"ಎಲ್ಲಿಗೆ ಹೊಂಟಿ, ತಂಗೀ?"
"ಮ್ಯಾಲಕ್ಕ."
"ನಾನೂ."

ಇಳಕಲು ಮೋಸಗಾರ.
ಕಾಳಿಲ್ಲದ ಗಿರಣಿ ಹೆಂಗ ಕುಣೀತೈತಿ, ಕಂಡೀರೇನು?
ಕಲ್ಲಿಗೆ ಕಲ್ಲು ತಿಕ್ಕಿ ಕಿಡಿ ಹಾರತಾವ,
ಹೊಸಾ ಟಾಕಿ ಒಂದ ದಿನಕ್ಕ ಸವೀತೈತಿ.
ನನ್ನ ಮೊಣಕಾಲು ನಲವತ್ತಾರು ವರ್ಷದ ಕಲ್ಲು,
ಅದಕ್ಕ ಟಾಕಿ ಹೊಡ್ಯಾವರು ಈ ಸೀಮ್ಯಾಗ ಯಾರೂ ಇಲ್ಲ.
ಬಿಟ್ಟೆ, ಪೂರಾ ಬಿಡಲಿಲ್ಲ.
ಬಟ್ಟಿ ಒಳಗ ಗಡಿಯಾರ ಏನೋ ಖುಷಿಯಿಂದ ಗುಂಯ್ ಅಂತು,
ಈಗ ಹೊಗಳಾಕ ಬಂದೈತಿ, ಇರಲಿ.

ಕೊನೀ ಏರಿನಾಗ ನೀಲಿ ಅಂಗಿ ಕಟ್ಟಿಮ್ಯಾಲ ಕುಂತಿದ್ದ,
ಒಂದು ಕೈ ಮೀನಖಂಡದ ಮ್ಯಾಲ, ಕಣ್ಣು ಮಣಿಕಟ್ಟಿನ ಮ್ಯಾಲ.
ಗೆದ್ದೆ ಅನಸಲಿಲ್ಲ.
ಸುಟ್ಟ ಮೋಟರಿನ ವಾಸನಿ ನನಗ ಗೊತ್ತು;
ಎರಡು ಸಲ ಸುಟ್ಟೀನಿ, ಬಳಿ ಒತ್ತಿ ಇಟ್ಟು ವೈಂಡಿಂಗ ಮಾಡಸೀನಿ.
"ಏಳು ತಮ್ಮಾ, ಕಾಳು ಕಡಿಮಿ ಬಿಡು," ಅಂದೆ.
ಅವಗ ಏನು ತಿಳೀಬೇಕು!
ಎದ್ದ ಮಾತ್ರ. ನಾಕು ಹೆಜ್ಜಿ ನನ್ನ ಉಸಿರಿಗೆ ಉಸಿರು ಹಾಕಿದ,
ಆಮ್ಯಾಲ ಮುಂದಾದನೋ ಹಿಂದಾದನೋ, ನೋಡಲಿಲ್ಲ.

ಮ್ಯಾಲ ಪಂಖ ತಿರಗತಿದ್ವು.
ಒಂದು ನಿಂತಿತ್ತು.
ಗಾಳಿ ಎಲ್ಲಾಕ್ಕೂ ಒಂದ. ಯಾಕ ನಿಂತಿತ್ತೋ.

ಫಕ್ಕೀರೇಶ ಓಡಿ ಬಂದ: "ಚಿಗವ್ವ, ಟೈಮ್ ಎಷ್ಟು?"
ಬೆವರಿಗೆ ಗಂಟು ಬಿಗದು ಕುಂತಿತ್ತು.
"ಹಿಟ್ಟು ಸಣ್ಣಗ ಬಂತಪಾ," ಅಂದೆ.
ಅವ ನನ್ನ ಮುಂಗೈ ಹಿಡದು ಹಲ್ಲಿಲೆ ಗಂಟು ಬಿಚ್ಚಾಕ ಹತ್ತಿದ,
ನಾ ಇನ್ನೊಂದು ಕೈಯಾಗ ಬಾಳಿಹಣ್ಣು ಹಿಡದು ನಿಂತೆ.
ಇವತ್ತು ಕರೆಂಟು ಮೂರಕ್ಕ ಬರತೈತಿ.
ಡಬ್ಬಿ ಪಾಳಿ ಹಚ್ಚಿರತಾರ.